ರೊಟ್ಟಿ ಬಡಿಯುವ ಸಪ್ಪಳ

2024ರ ಅಕ್ಟೋಬರ್ 8, ಮಂಗಳವಾರ. ಬೆಳಿಗ್ಗೆ 10 ಗಂಟೆ 20 ನಿಮಿಷಕ್ಕೆ ಮಿಷಿಗನ್ ರಾಜ್ಯದ ನೋವೈ ನಗರದ ಪೊಲೀಸ್ ಠಾಣೆಗೆ ಎಪ್ಪತ್ಮೂರು ವರ್ಷದ ಹಿರಿಯರೊಬ್ಬರು ನಡೆದುಕೊಂಡು ಬಂದರು. ಬಿಳಿ ಧೋತರ, ಮೇಲೆ ಮಗನ ದಪ್ಪ ಜಾಕೆಟ್, ತಲೆಗೆ ಗಾಂಧಿ ಟೋಪಿ. ಮನೆಯಿಂದ ಠಾಣೆಗೆ ಎರಡೂವರೆ ಮೈಲಿ. ಕೌಂಟರಿನ ಗಾಜಿನ ಕೆಳಗಿನ ಸಂದಿಯಿಂದ ಅವರು ನಾಲ್ಕಾಗಿ ಮಡಿಸಿದ ಹಾಳೆಯೊಂದನ್ನು ಒಳಗೆ ತಳ್ಳಿದರು. ಕೌಂಟರಿನಲ್ಲಿದ್ದ ಅಧಿಕಾರಿ ಅದನ್ನು ಬಿಡಿಸಿ, ಒಮ್ಮೆ ತಲೆಕೆಳಗಾಗಿ ಹಿಡಿದು ನೋಡಿ, ಪತ್ತೇದಾರಿ ವಿಭಾಗಕ್ಕೆ ಫೋನ್ ಮಾಡಿದರು.

ಕೆಳಗೆ ಬಂದವಳು ಡಿಟೆಕ್ಟಿವ್ ವಿಭಾ ರಘೋತ್ತಮ, ವಯಸ್ಸು ಮೂವತ್ತನಾಲ್ಕು. ತಂದೆ ತಾಯಿ ಮೈಸೂರಿನವರು. ಅವಳು ಹುಟ್ಟಿ ಬೆಳೆದದ್ದು ಇಲ್ಲೇ. ಮನೆಯಲ್ಲಿ ಅವರು ಕನ್ನಡದಲ್ಲಿ ಕೇಳಿದ್ದಕ್ಕೆಲ್ಲ ಇಂಗ್ಲಿಷಿನಲ್ಲಿ ಉತ್ತರ ಕೊಟ್ಟೇ ದೊಡ್ಡವಳಾದವಳು. ಭಾನುವಾರಗಳಂದು ಅಪ್ಪ ಹಟ ಹಿಡಿದು ಕಲಿಸಿದ ಅಕ್ಷರ ಮಾತ್ರ ಉಳಿದಿತ್ತು. ಬೆರಳಿಟ್ಟುಕೊಂಡು ನಿಧಾನವಾಗಿ ಓದಿದಳು.

“ಗೆ, ಮಾನ್ಯ ಪೊಲೀಸ್ ಇನ್ಸ್‌ಪೆಕ್ಟರ್ ಸಾಹೇಬರು, ನೋವೈ ಠಾಣೆ. ವಿಷಯ: ಒಬ್ಬ ಹೆಣ್ಣುಮಗಳನ್ನು ನೆಲಮಾಳಿಗೆಯಲ್ಲಿ ಇಟ್ಟುಕೊಂಡು ದುಡಿಸುತ್ತಿರುವ ಬಗ್ಗೆ ಸಂಶಯ. ಕೆಳಗೆ ಸಹಿ ಮಾಡಿದ ನಾನು, ಸಂಗನಬಸಪ್ಪ, ವಿಜಯಪುರದಲ್ಲಿ ನಲವತ್ತೊಂದು ವರ್ಷ ಖಾನಾವಳಿ ನಡೆಸಿದವನು…”

ವಿಭಾ ಅವರನ್ನು ಒಳಗೆ ಕರೆದು ಕೂರಿಸಿದಳು.

“ಅಂಕಲ್, ನನ್ ಕನ್ನಡ ಅಷ್ಟು ಚೆನ್ನಾಗಿಲ್ಲ. ನಿಧಾನವಾಗಿ ಹೇಳಿ. ಏನೋ ಸೌಂಡ್ ಕೇಳಿಸ್ತು ಅಂತ ಬರ್ದಿದೀರ.”

“ರೊಟ್ಟಿ ಬಡಿಯೂ ಸಪ್ಪಳ ರೀ.”

“ಬಡಿಯೋದು ಅಂದ್ರೆ? ಯಾರಿಗಾದ್ರೂ ಹೊಡೀತಿದ್ರಾ?”

ಸಂಗನಬಸಪ್ಪ ಅವಳ ಮುಖ ನೋಡಿದರು. ಆಮೇಲೆ ಅಂಗೈ ಅಗಲಿಸಿ ಮೇಜಿನ ಮೇಲೆ ತಟ್ಟಿ ತೋರಿಸಿದರು. ಸಮನಾದ ಲಯ, ನಡುನಡುವೆ ರೊಟ್ಟಿ ತಿರುಗಿಸುವ ಸಣ್ಣ ಬಿಡುವು. ವಿಭಾಳಿಗೆ ಅರ್ಥವಾಯಿತು.

“ಮನೇಲಿ ಅಡುಗೆ ಮಾಡ್ತಿರಬಹುದಲ್ವಾ?”

“ಮುಂಜಾನಿ ಆರಕ್ಕ ವಾಕಿಂಗ್ ಹೋದಾಗ ಕೇಳ್ತೈತಿ. ಮಧ್ಯಾಹ್ನ ಹೋದ್ರೂ ಐತಿ, ಸಂಜಿಗೂ ಐತಿ. ಹದಿನೆಂಟ್ ದಿನ ಆತು ನಾ ಕೇಳಾಕತ್ತು. ನಾಕ್ ಮಂದಿ ಮನಿಗೆ ಇಪ್ಪತ್ ರೊಟ್ಟಿ ಸಾಕ್ರಿ. ಇದು ದಿನಾ ಮುನ್ನೂರರ ಕೆಲಸ.”

“ಮೂರು ನಾಲ್ಕು ಜನ ಸೇರಿ ಮಾಡ್ತಿದ್ರೆ?”

“ಇಲ್ರಿ. ಒಂದ ಕೈ. ಒಬ್ಬೊಬ್ಬಾಕಿದು ಒಂದೊಂದು ಬಡತ ಇರ್ತೈತಿ. ಈಕಿದು ಎಡಗೈ ನೋವೈತಿ, ಎರಡು ಬಡತಕ್ಕ ಒಮ್ಮೆ ತಡೀತಾಳ. ನನ್ನ ಖಾನಾವಳ್ಯಾಗ ಯಾರಿಗರ ಹಂಗಾದ್ರ ನಾಕ್ ದಿನ ಸೂಟಿ ಕೊಡ್ತಿದ್ದೆ. ಈಕಿಗೆ ಒಂದ್ ದಿನಾನೂ ಸೂಟಿ ಇಲ್ಲ.”

ವಿಳಾಸ ಬರೆದುಕೊಳ್ಳುತ್ತಿದ್ದಾಗ ಮಗ ಕಲ್ಮೇಶ್ ಓಡಿ ಬಂದ. ಆಬರ್ನ್ ಹಿಲ್ಸ್‌ನ ಕಾರು ಕಂಪನಿಯಲ್ಲಿ ಎಂಜಿನಿಯರ್. ಹೆಂಡತಿಯ ಫೋನ್ ಬಂದ ಕೂಡಲೇ ಮೀಟಿಂಗ್ ಬಿಟ್ಟು ಡ್ರೈವ್ ಮಾಡಿಕೊಂಡು ಬಂದಿದ್ದ.

“ಅಪ್ಪಾ, ಅದು ವಿಜಯ್ ಕುಮಾರ್ ಅವರ ಮನಿ. ಊರಾಗಿನ ಕನ್ನಡದವ್ರ ಫಂಕ್ಷನ್‌ಗೆಲ್ಲ ಅವ್ರದ ಕೇಟರಿಂಗ್. ನಾವೂ ಅವ್ರ ಕಡಿನ ರೊಟ್ಟಿ ತರಸ್ತೀವಿ. ನೀ ವಿಸಿಟರ್ ವೀಸಾದ ಮ್ಯಾಲೆ ಬಂದಿ. ನಮ್ಮ ಗ್ರೀನ್ ಕಾರ್ಡ್ ಇನ್ನೂ ಪೆಂಡಿಂಗ್ ಐತಿ.”

ಸಂಗನಬಸಪ್ಪ ವಿಭಾಳ ಕಡೆ ತಿರುಗಿದರು. “ನನ್ನ ಹೆಸರು ಬರಕೊಳ್ರಿ, ತಂಗಿ. ಹಿಂದಕ್ಕ ಕಳಿಸಿದ್ರ ಹೋಗ್ತೀನಿ. ಹೆಂಗೂ ರಿಟರ್ನ್ ಟಿಕೆಟ್ ಐತಿ. ಎಫ್‌ಐಆರ್ ಕಾಪಿ ಒಂದ್ ಕೊಟ್ಟುಬಿಡ್ರಿ.”

ಇಲ್ಲಿ ಎಫ್‌ಐಆರ್ ಎನ್ನುವುದಿಲ್ಲ, ಘಟನಾ ವರದಿ ಎನ್ನುತ್ತಾರೆ. ವಿಭಾ ಅದರ ಸಂಖ್ಯೆಯನ್ನು ಒಂದು ಕಾರ್ಡಿನ ಮೇಲೆ ಬರೆದು ಕೊಟ್ಟಳು. ದೂರು ಕೊಟ್ಟವರ ಹೆಸರು ಹೊರಗೆ ಹೋಗುವುದಿಲ್ಲ ಎಂದೂ ಹೇಳಿದಳು. “ಹೋದ್ರ ಹೋಗ್ಲಿ ಬಿಡ್ರಿ,” ಎಂದರು ಸಂಗನಬಸಪ್ಪ.

ಸಪ್ಪಳ ಕೇಳಿಸಿತೆಂದು ಯಾವ ನ್ಯಾಯಾಧೀಶರೂ ಮನೆ ಶೋಧಿಸಲು ವಾರಂಟ್ ಕೊಡುವುದಿಲ್ಲ. ವಿಭಾಳ ಜೊತೆ ಕೆಲಸ ಮಾಡುತ್ತಿದ್ದ ಅಧಿಕಾರಿ ಟಾಮ್ ಕೊವಾಲ್ಸ್ಕಿ ಹನ್ನೊಂದು ವರ್ಷ ಟ್ರಾಫಿಕ್ ವಿಭಾಗದಲ್ಲಿದ್ದು ಬಂದವನು. ಅವನು ಹೇಳಿದ್ದೂ ಅದನ್ನೇ: “ಅಡುಗೆ ಮಾಡೋದು ಅಪರಾಧ ಅಲ್ಲವಲ್ಲ.”

“ಅಲ್ಲ. ಅದಕ್ಕೇ ಮಿಕ್ಕಿದ್ದನ್ನು ಹುಡುಕೋಣ.”

ಅಕ್ಟೋಬರ್ 10, ಗುರುವಾರ. ಆ ಬಡಾವಣೆಯಲ್ಲಿ ಕಸ ಹಾಕುವ ದಿನ. ರಸ್ತೆಯಂಚಿಗೆ ಇಟ್ಟ ಕಸವನ್ನು ಪೊಲೀಸರು ನೋಡಬಹುದು. ಬೆಳಿಗ್ಗೆ 7:15ಕ್ಕೆ ವಿಜಯ್ ಕುಮಾರನ ಮನೆಯ ಎರಡು ಡಬ್ಬಿಗಳನ್ನು ಕೊವಾಲ್ಸ್ಕಿ ಪರಿಶೀಲಿಸಿದ. ಇಪ್ಪತ್ತು ಪೌಂಡಿನ ಜೋಳದ ಹಿಟ್ಟಿನ ಖಾಲಿ ಚೀಲ ಹನ್ನೊಂದು. ಸುಟ್ಟ ಗಾಯಕ್ಕೆ ಹಚ್ಚುವ ಮುಲಾಮಿನ ಟ್ಯೂಬ್ ನಾಲ್ಕು, ಕೊನೆಯ ತನಕ ಹಿಂಡಿದವು. ಕೈಗೆ ಸುತ್ತಿ ಬಿಚ್ಚಿದ ಬ್ಯಾಂಡೇಜು. ಕಾಲು, ಭುಜ ಬಿಟ್ಟು ಬರೀ ಅಂಗೈಗೆ ಸುತ್ತಿದ್ದೆಂದು ಅದರ ಮಡಿಕೆಯಿಂದಲೇ ತಿಳಿಯುತ್ತಿತ್ತು.

ಮುಂದಿನ ಆರು ದಿನ ಇಬ್ಬರೂ ಸರದಿಯಲ್ಲಿ ಮನೆಯನ್ನು ಗಮನಿಸಿದರು. ವಿಜಯ್ ಕುಮಾರ್ ಬರುತ್ತಿದ್ದ, ಹೋಗುತ್ತಿದ್ದ. ಹೆಂಡತಿ ಕೆಲಸಕ್ಕೆ, ಇಬ್ಬರು ಮಕ್ಕಳು ಸ್ಕೂಲಿಗೆ. ಹಗಲು ಮನೆಯಲ್ಲಿ ಯಾರೂ ಇರದ ಹೊತ್ತಿನಲ್ಲೂ ಹಿಂಬದಿಯ ಕಾಲುದಾರಿಯಲ್ಲಿ ನಿಂತರೆ ನೆಲಮಟ್ಟದ ಕಿಟಕಿಯಿಂದ ಆ ಸಪ್ಪಳ ಕೇಳುತ್ತಿತ್ತು. ಹೊರಗೆ ಬಂದವರು ಮಾತ್ರ ಯಾರೂ ಇಲ್ಲ.

ಮಾನವ ಸಾಗಣೆ ಪ್ರಕರಣಗಳನ್ನು ನೋಡುವ ಕೇಂದ್ರ ತನಿಖಾಧಿಕಾರಿಯ ಮೂಲಕ ವಿಭಾ ಆ ಮನೆಯ ವಿಳಾಸ ಕೊಟ್ಟವರ ಪ್ರಯಾಣದ ದಾಖಲೆ ತರಿಸಿದಳು. ನೀಲಗಂಗಾ, ವಯಸ್ಸು ನಲವತ್ತಾರು, ಊರು ಗುಳೇದಗುಡ್ಡ. 2022ರ ಮಾರ್ಚ್ 19ರಂದು ಷಿಕಾಗೋದ ಓಹೇರ್ ವಿಮಾನ ನಿಲ್ದಾಣದಲ್ಲಿ ಪ್ರವಾಸಿ ವೀಸಾದ ಮೇಲೆ ಇಳಿದಿದ್ದಾರೆ. ಇಲ್ಲಿರುವ ವಿಳಾಸ ಎಂದು ಕೊಟ್ಟಿದ್ದು ಇದೇ ಮನೆ. ಆರು ತಿಂಗಳ ಅವಧಿ. ವಾಪಸು ಹೋದ ದಾಖಲೆ ಇಲ್ಲ.

ಅಕ್ಟೋಬರ್ 18, ಶುಕ್ರವಾರ ಮಧ್ಯಾಹ್ನ 3:30ಕ್ಕೆ ನ್ಯಾಯಾಧೀಶರು ಶೋಧನಾ ವಾರಂಟಿಗೆ ಸಹಿ ಹಾಕಿದರು.

ಸೋಮವಾರ, 21ರಂದು ಬೆಳಿಗ್ಗೆ 10 ಗಂಟೆಗೆ ಬಾಗಿಲು ತಟ್ಟಿದರು. ಮಕ್ಕಳು ಸ್ಕೂಲಿಗೆ ಹೋದ ಮೇಲೆಯೇ ಹೋಗಬೇಕೆಂಬುದು ವಿಭಾಳ ತೀರ್ಮಾನ. ಬಾಗಿಲು ತೆಗೆದ ವಿಜಯ್ ಕುಮಾರನಿಗೆ ಐವತ್ತರ ಆಸುಪಾಸು. ವಾರಂಟನ್ನು ಪೂರ್ತಿ ಓದಿದ. ಗಾಬರಿಯಾಗಲಿಲ್ಲ.

“ಕನ್ನಡದವ್ರಾ ಮೇಡಂ? ಬನ್ನಿ, ಕಾಫಿ ತಗೊಳ್ಳಿ. ಕೆಳಗಿರೋದು ನಮ್ಮ ಚಿಕ್ಕಮ್ಮ. ಅವರಿಗೆ ಸುಮ್ನೆ ಕೂತಿರಕ್ಕೆ ಬರಲ್ಲ.”

ನೆಲಮಾಳಿಗೆಯಲ್ಲಿ ನಾಲ್ಕು ಗ್ಯಾಸ್ ಒಲೆ, ನಾಲ್ಕು ಹೆಂಚು. ಒಣಗಲು ಹಾಕಿದ ರೊಟ್ಟಿಯ ಸಾಲುಗಳು ಚಾವಣಿಯವರೆಗೆ. ಬಾಯ್ಲರ್ ಹಿಂದೆ ಒಂದು ಚಾಪೆ, ಒಂದು ದಿಂಬು. ಥರ್ಮಾಮೀಟರು 97 ಡಿಗ್ರಿ ಫ್ಯಾರನ್‌ಹೀಟ್ ತೋರಿಸುತ್ತಿತ್ತು. ಕಿಟಕಿಯ ಕೆಳಗೆ ಕಟ್ಟಿಗೆಯ ಹಲಗೆಯ ಮುಂದೆ ಕೂತಿದ್ದ ಹೆಂಗಸು ಪೊಲೀಸರನ್ನು ಕಂಡರೂ ಕೈಯಲ್ಲಿದ್ದ ರೊಟ್ಟಿಯನ್ನು ಪೂರ್ತಿ ಮಾಡಿ ಹೆಂಚಿಗೆ ಹಾಕಿ, ಒಲೆ ಸಣ್ಣದು ಮಾಡಿ, ಆಮೇಲೆ ಎದ್ದು ನಿಂತಳು. ಎಡಗೈಗೆ ಬಟ್ಟೆ ಸುತ್ತಿತ್ತು.

“ಅಮ್ಮಾ, ನಾನು ಪೊಲೀಸ್. ನಿಮಗೆ ಏನೂ ಮಾಡಲ್ಲ. ನಿಮ್ಮನ್ನ ಇಲ್ಲಿ ಯಾರಾದ್ರೂ ಬಲವಂತವಾಗಿ ಇಟ್ಟಿದಾರಾ?”

“ಇಲ್ರಿ. ನಾ ಅವರ ಚಿಕ್ಕವ್ವ.”

“ಅವರ ತಂದೆ ಹೆಸರೇನು?”

ಹೆಂಗಸು ಮೆಟ್ಟಿಲ ಬಳಿ ನಿಂತಿದ್ದ ವಿಜಯ್ ಕುಮಾರನ ಕಡೆ ನೋಡಿದಳು.

ಊರಿನಲ್ಲಾಗಿದ್ದರೆ ಇಬ್ಬರು ಪಂಚರನ್ನು ನಿಲ್ಲಿಸಿ ಪಂಚನಾಮೆ ಬರೆಯುತ್ತಿದ್ದರು. ಇಲ್ಲಿ ಒಬ್ಬ ಅಧಿಕಾರಿ ಚಿತ್ರ ತೆಗೆಯುತ್ತಾನೆ, ಇನ್ನೊಬ್ಬ ಪಟ್ಟಿ ಮಾಡುತ್ತಾನೆ. ಆ ಪಟ್ಟಿಯ ಹದಿನೇಳನೆಯ ವಸ್ತು ಮೇಲಿನ ಓದುಕೋಣೆಯ ಬೀಗ ಹಾಕಿದ ಡ್ರಾಯರಿನಲ್ಲಿ ಸಿಕ್ಕಿತು: ಎರಡು ಭಾರತೀಯ ಪಾಸ್‌ಪೋರ್ಟು. ಒಂದು ನೀಲಗಂಗಾರದ್ದು. ಇನ್ನೊಂದರಲ್ಲಿ ಇಪ್ಪತ್ನಾಲ್ಕು ವರ್ಷದ ಹುಡುಗಿಯ ಭಾವಚಿತ್ರ. ಹೆಸರು ಮಾನಸ, ಊರು ಹಾವೇರಿ.

“ಈ ಹುಡುಗಿ ಎಲ್ಲಿದಾಳೆ?” ವಿಭಾ ಕೇಳಿದಳು.

ವಿಜಯ್ ಕುಮಾರನ ಮುಖದಲ್ಲಿ ಮೊದಲ ಬಾರಿಗೆ ಬದಲಾವಣೆ ಕಂಡಿತು. “ನನ್ನ ಲಾಯರ್ ಬರೋವರೆಗೂ ಮಾತಾಡಲ್ಲ,” ಎಂದ.

ಅದು ಅವನ ಹಕ್ಕು. ಅವನ ಫೋನನ್ನು ವಶಪಡಿಸಿಕೊಂಡರು. ಆದರೆ ಪೊಲೀಸರು ಬಾಗಿಲಲ್ಲಿ ನಿಂತಿದ್ದ ಒಂದೆರಡು ನಿಮಿಷದಲ್ಲಿ ಅವನು ಯಾರಿಗೆ ಏನು ಕಳಿಸಿದ್ದನೋ ಗೊತ್ತಿರಲಿಲ್ಲ. ಆ ಹುಡುಗಿ ಎಲ್ಲೇ ಇರಲಿ, ಅವಳನ್ನು ಸಾಗಿಸಲು ಬೇರೆಯವರಿಗೆ ಸಮಯ ಸಿಕ್ಕಿದಂತಾಯಿತು.

ನೀಲಗಂಗಾರನ್ನು ಠಾಣೆಗೆ ಕರೆದೊಯ್ಯಲಿಲ್ಲ. ಸಂತ್ರಸ್ತರಿಗಾಗಿ ಇರುವ ಸಹಾಯ ಕೇಂದ್ರವೊಂದರಲ್ಲಿ ನರ್ಸ್ ಕೈಗೆ ಪಟ್ಟಿ ಕಟ್ಟಿದರು. ಸೋಫಾ, ಗಿಡ, ದೊಡ್ಡ ಕಿಟಕಿ ಇದ್ದ ಕೋಣೆ. ನೀಲಗಂಗಾ ಸೋಫಾ ಬಿಟ್ಟು ಕಿಟಕಿಯ ಬಳಿಯ ಕುರ್ಚಿಯಲ್ಲಿ ಕೂತರು. ಹೇಳಿಕೆಯನ್ನು ತನ್ನ ಅರೆಬರೆ ಕನ್ನಡದಲ್ಲಿ ಪಡೆಯುವಂತಿಲ್ಲವೆಂದು ವಿಭಾಳಿಗೆ ಗೊತ್ತಿತ್ತು. ಕೋರ್ಟಿನ ಮಾನ್ಯತೆ ಪಡೆದ ಕನ್ನಡ ಅನುವಾದಕಿ ಇದ್ದದ್ದು ಇಲಿನಾಯ್‌ನ ಶಾಮ್‌ಬರ್ಗ್‌ನಲ್ಲಿ, ಮುನ್ನೂರು ಮೈಲಿ ದೂರ. ಶ್ರೀಲತಾ ಎಂದು ಹೆಸರು. 12:50ಕ್ಕೆ ಅವರು ವಿಡಿಯೋದಲ್ಲಿ ಬಂದರು.

ಅರ್ಧ ಗಂಟೆ ಪ್ರಶ್ನೆಗಳಿಗೆಲ್ಲ ಒಂದೇ ಉತ್ತರ. ನಾ ಅವರ ಚಿಕ್ಕವ್ವ. ಯಾರೂ ಏನೂ ಮಾಡಿಲ್ಲ.

ವಿಭಾ ಪ್ರಶ್ನೆಗಳ ಹಾಳೆಯನ್ನು ಮಡಿಚಿಟ್ಟಳು.

“ಅಮ್ಮಾ, ನಾನೀಗ ಏನೂ ಕೇಳಲ್ಲ. ನಾನು ಹೇಳೋದು ಕೇಳಿ, ಸಾಕು. ನಿಮ್ಮ ವೀಸಾ ಮುಗಿದಿದೆ. ನನಗೆ ಗೊತ್ತು. ಅದಕ್ಕೆ ನಿಮ್ಮನ್ನ ಜೈಲಿಗೆ ಹಾಕಲ್ಲ. ನೀವು ಮಾತಾಡಿದ್ರೂ ಅಷ್ಟೇ, ಮಾತಾಡದೇ ಇದ್ರೂ ಅಷ್ಟೇ.”

ನೀಲಗಂಗಾ ಅವಳ ಕಡೆ ತಿರುಗಿ ನೋಡಿದರು.

ಉಳಿದದ್ದನ್ನು ವಿಭಾ ಇಂಗ್ಲಿಷಿನಲ್ಲಿ ಹೇಳಿದಳು; ಶ್ರೀಲತಾ ಒಂದು ಪದವನ್ನೂ ಬಿಡದೆ ಕನ್ನಡಕ್ಕೆ ತಂದರು. ಮೋಸದಿಂದಲೋ ಬೆದರಿಕೆಯಿಂದಲೋ ಕರೆತಂದು ದುಡಿಸಿಕೊಂಡವರಿಗೆ ಈ ದೇಶದ ಕಾನೂನಿನಲ್ಲಿ ರಕ್ಷಣೆ ಇದೆ. ತನಿಖೆ ನಡೆಯುತ್ತಿರುವಾಗ ಇಲ್ಲೇ ಇರಲು, ಕೆಲಸ ಮಾಡಲು ತಾತ್ಕಾಲಿಕ ಅನುಮತಿ ಕೊಡಿಸುವಂತೆ ಪೊಲೀಸರು ಕೇಂದ್ರ ಸರ್ಕಾರವನ್ನು ಕೇಳಬಹುದು. ಟಿ ವೀಸಾ ಎಂಬುದೊಂದಿದೆ. ಸಂತ್ರಸ್ತರೇ ಅರ್ಜಿ ಹಾಕುವುದು, ಸಿಕ್ಕರೆ ನಾಲ್ಕು ವರ್ಷ. ಮದುವೆಯಾಗದ, ಇಪ್ಪತ್ತೊಂದು ತುಂಬದ ಮಕ್ಕಳನ್ನೂ ಕರೆಸಿಕೊಳ್ಳಬಹುದು. ಮುಂದೆ ಗ್ರೀನ್ ಕಾರ್ಡಿಗೂ ದಾರಿಯಿದೆ. ತನಿಖೆಗೆ ಕೈಲಾದಷ್ಟು ನೆರವಾಗಬೇಕು ಎಂಬ ನಿಯಮವುಂಟು.

“ವೀಸಾ ಕೊಡೋದು ನಾನಲ್ಲ,” ಎಂದಳು ವಿಭಾ, ಮತ್ತೆ ಕನ್ನಡದಲ್ಲಿ. “ಸಿಕ್ಕೇ ಸಿಗುತ್ತೆ ಅಂತ ಪ್ರಾಮಿಸ್ ಮಾಡಕ್ಕಾಗಲ್ಲ. ನಾನು ಕಂಡಿದ್ದನ್ನ ಕಂಡ ಹಾಗೆ ಬರ್ದು ಸೈನ್ ಮಾಡೋ ಒಂದು ಫಾರ್ಮ್ ಇದೆ. ಅದನ್ನ ಮಾಡ್ತೀನಿ. ನಿಮಗೆ ಒಬ್ಬ ಲಾಯರ್ ಸಿಗ್ತಾರೆ, ಫ್ರೀ. ಊರಿಗೆ ಹೋಗ್ತೀನಿ ಅಂದ್ರೆ ಅದೂ ಸರಿ.”

ನೀಲಗಂಗಾ ಕೇಳಿದ್ದು ತಮ್ಮ ಬಗ್ಗೆ ಅಲ್ಲ.

“ಆ ಕಾಗದ ನನಗ ಒಬ್ಬಾಕಿಗೋ, ಮಾನಸಗೂ ಕೊಡ್ತಾರೋ?”

“ಅವಳಿಗೂ ಅದೇ ಕಾನೂನು.”

“ಹಂಗಾರ ನನ್ನ ಕಾಗದ ಆಮ್ಯಾಲೆ ನೋಡೂನು. ಮೊದಲು ಆಕಿನ್ನ ಹುಡುಕ್ರಿ. ನಾ ಬಾಯಿ ಬಿಟ್ರ ಆಕಿನ್ನ ಜೈಲಿಗೆ ಹಾಕಸ್ತೀನಿ ಅಂದಾನ ಅಂವ. ಆಕಿ ಬಾಯಿ ಬಿಟ್ರ ನನ್ನ ಹಾಕಸ್ತಾನಂತ. ಅದಕ್ಕ ಇಬ್ಬರೂ ಬಾಯಿ ಮುಚಗೊಂಡ ಇದ್ದೀವಿ.”

ಮೂವತ್ತೊಂದು ತಿಂಗಳು ಆ ಹೆಂಗಸು ಬಾಯಿ ಬಿಡದೆ ಇದ್ದದ್ದಕ್ಕೆ ತನ್ನ ಭಯಕ್ಕಿಂತ ಹೆಚ್ಚಾಗಿ ಇನ್ನೊಬ್ಬಳ ಮೇಲಿನ ಕಾಳಜಿ ಕಾರಣವಾಗಿತ್ತು. ಬರೆದುಕೊಳ್ಳುತ್ತಿದ್ದ ಕೊವಾಲ್ಸ್ಕಿ, ಶ್ರೀಲತಾ ಅನುವಾದ ಮುಗಿಸಿದಾಗ, ಪೆನ್ನು ಕೆಳಗಿಟ್ಟು ಕಿಟಕಿಯ ಆಚೆ ನೋಡಿದ.

“ಅವಳು ಎಲ್ಲಿರೋದು?”

“ಊರ ಹೆಸರು ಗೊತ್ತಿಲ್ರಿ. ಹ್ವಾದ ದೀಪಾವಳಿಗೆ ಆರ್ಡರ್ ಭಾಳ ಇದ್ದುವಂತ ನನ್ನೂ ಅಲ್ಲಿಗೆ ಒಯ್ದಿದ್ರು. ಐದು ತಾಸಿನ ದಾರಿ. ಒಂಬತ್ತು ದಿನ ಇದ್ದೆ. ಮೂರನೇ ಮಜಲಿ. ವಿಮಾನ ತಲಿ ಮ್ಯಾಲೇ ಹೋಗ್ತಾವ. ಅವನ ಹೇಣ್ತಿ ತಮ್ಮ ಇರ್ತಾನ, ಈರೇಶ್ ಅಂತ. ಆಕಿ ರೊಟ್ಟಿ ಪ್ಯಾಕ್ ಮಾಡಬೇಕು, ಚಟ್ನಿಪುಡಿ ಕುಟ್ಟಬೇಕು. ನರ್ಸ್ ಕೆಲಸ ಕೊಡಸ್ತೀನಂತ ಕರಕೊಂಡ ಬಂದಿದ್ರು ಪಾಪ.”

“ಬೋರ್ಡು, ರಸ್ತೆ ಹೆಸರು ಏನಾದ್ರೂ ನೋಡಿದ್ರಾ?”

“ನನಗ ಇಂಗ್ಲಿಷ್ ಓದಾಕ ಬರೂದಿಲ್ಲ.” ಬಲಗೈ ಬೆರಳು ಎತ್ತಿ ಹೇಳಿದರು, “ಎದುರಿಗೆ ಒಂದು ಬೋರ್ಡ್ ಇತ್ತು. ಓದಾಕ ಬರೂದಿಲ್ಲ. ಬರದ್ ತೋರಿಸ್ತೀನಿ. ಚೌಕ ಚೌಕ ಇರೂ ಹಾಳಿ ಐತೇನ್ರಿ?”

ಶ್ರೀಲತಾ ಅದನ್ನು ಅನುವಾದಿಸುವ ಮುಂಚೆಯೇ ಕೊವಾಲ್ಸ್ಕಿಗೆ ಅವರ ಬೆರಳು ಗಾಳಿಯಲ್ಲಿ ಎಳೆದ ಚೌಕ ಅರ್ಥವಾಗಿತ್ತು. ಅಪಘಾತದ ನಕ್ಷೆ ಬರೆಯಲು ಟ್ರಾಫಿಕ್ ಪೊಲೀಸರು ಬಳಸುವ ಗ್ರಾಫ್ ಹಾಳೆಯ ಪ್ಯಾಡು ಅವನ ಕಾರಿನಲ್ಲಿತ್ತು. ಓಡಿಹೋಗಿ ತಂದ.

ನೀಲಗಂಗಾ ಗುಳೇದಗುಡ್ಡದಲ್ಲಿ ಹತ್ತೊಂಬತ್ತು ವರ್ಷ ಖಣ ನೇಯ್ದವರು. ಮಗ್ಗಗಳು ನಿಂತ ಮೇಲೆ ರೊಟ್ಟಿ ಮಾಡಲು ಹೋದವರು. ಕುಪ್ಪಸದ ಆ ಬಟ್ಟೆಯ ಮೇಲಿನ ಕುಸುರಿ ಮೂಡಿಸಬೇಕಾದರೆ ಒಂದೊಂದು ಎಳೆಯ ಲೆಕ್ಕವೂ ತಲೆಯಲ್ಲಿರಬೇಕು. ಪೆನ್ಸಿಲನ್ನು ಬಲಗೈಯಲ್ಲಿ ಹಿಡಿದು ಅವರು ಚೌಕ ತುಂಬುತ್ತ ಹೋದರು. ಬಾಯಲ್ಲಿ ಎಣಿಕೆ: ಏಳು ಎದ್ದು, ಮೂರು ಅಡ್ಡ, ಎರಡು ಬಿಟ್ಟು. ಇಪ್ಪತ್ತು ನಿಮಿಷದಲ್ಲಿ ಹಾಳೆಯ ಮೇಲೆ ಆರು ಆಕೃತಿಗಳು ನಿಂತವು. ಪಕ್ಕದಲ್ಲಿ ತಲೆಗೆ ಜುಟ್ಟಿರುವ ಹಕ್ಕಿ.

“ಹಕ್ಕಿ ಕೆಂಪಂದು,” ಎಂದರು. “ಅಕ್ಷರ ಹಸರು. ಬರಿ ಮುಂಜಾನಿ ಹೊತ್ತು ಬಿಸಿಲು ಬೀಳ್ತಿತ್ತು ಅದರ ಮ್ಯಾಲೆ.”

ಹಾಳೆಯನ್ನು ತನ್ನ ಕಡೆ ತಿರುಗಿಸಿಕೊಂಡ ಕೊವಾಲ್ಸ್ಕಿ ಜೋರಾಗಿ ಓದಿದ: “ಕಾರ್ಪೆಟ್.”

ವಿಡಿಯೋದಲ್ಲಿದ್ದ ಶ್ರೀಲತಾ ಅನುವಾದಕಿಯ ಮಿತಿಯನ್ನು ಮೀರಿ ಮೊದಲ ಬಾರಿಗೆ ತಮ್ಮ ಮಾತು ಹೇಳಿದರು: “ಡಿಟೆಕ್ಟಿವ್, ಕೆಂಪು ಹಕ್ಕಿಯ ಆ ಅಂಗಡಿ ನನಗೆ ಗೊತ್ತು. ನಮ್ಮನೆಯಿಂದ ಮೂರು ಮೈಲಿ.”

ನೋವೈಯಲ್ಲಿ ಆಗ ಮಧ್ಯಾಹ್ನ 2:40. ಶಾಮ್‌ಬರ್ಗ್‌ನಲ್ಲಿ ಇನ್ನೂ 1:40. ವಿಭಾ ಅಲ್ಲಿನ ಪೊಲೀಸರಿಗೆ ಫೋನ್ ಮಾಡಿ ಚಿತ್ರ ಕಳಿಸಿದಳು. ಕಾರ್ಪೆಟ್ ಅಂಗಡಿಯ ಎದುರು ಮೂರು ಮಹಡಿಯ ಅಪಾರ್ಟ್‌ಮೆಂಟು ಇದ್ದದ್ದು ಒಂದೇ. ಬೆಳಗಿನ ಬಿಸಿಲು ಬೋರ್ಡಿನ ಮೇಲೆ ಬೀಳಬೇಕಾದರೆ ಬೋರ್ಡು ಪೂರ್ವಕ್ಕೆ ಮುಖ ಮಾಡಿರಬೇಕು, ಕಿಟಕಿ ಪಶ್ಚಿಮಕ್ಕೆ. ಮೂರನೇ ಮಹಡಿಯಲ್ಲಿ ಪಶ್ಚಿಮಕ್ಕೆ ಕಿಟಕಿಯಿದ್ದದ್ದು ನಾಲ್ಕು ಮನೆಗೆ. ಅವುಗಳಲ್ಲಿ ಒಂದರ ಬಾಡಿಗೆ ಕರಾರು ಈರೇಶನ ಹೆಸರಿನಲ್ಲಿತ್ತು.

ಅಲ್ಲಿನ ಸಮಯ 2:35ಕ್ಕೆ ಪೊಲೀಸರು ತಲುಪಿದಾಗ ಈರೇಶ್ ಕೆಳಗೆ ಪಾರ್ಕಿಂಗಿನಲ್ಲಿ ಕಾರಿಗೆ ಸಾಮಾನು ತುಂಬುತ್ತಿದ್ದ. ಅವನ ಫೋನಿನಲ್ಲಿ ಭಾವ ಬೆಳಿಗ್ಗೆ ಕಳಿಸಿದ್ದ ಮೆಸೇಜು ಇತ್ತು: ಇವತ್ತೇ ಖಾಲಿ ಮಾಡು. ಅವನನ್ನು ಅಲ್ಲೇ ತಡೆದರು. ಆದರೆ ಮೇಲಿನ ಮನೆಯ ಬಾಗಿಲು ಒಳಗಿನಿಂದ ಚಿಲಕ ಹಾಕಿತ್ತು. ಪೊಲೀಸರು ಕರೆದಷ್ಟೂ ಒಳಗೆ ನಿಶ್ಶಬ್ದ. ಬಾಗಿಲು ಮುರಿಯಲು ಅವರಿಗೆ ಅಧಿಕಾರವಿತ್ತು. ಹೆದರಿದ ಹುಡುಗಿ ಮೂರನೇ ಮಹಡಿಯಲ್ಲಿ ಒಬ್ಬಳೇ ಇದ್ದಾಳೆ, ಮುರಿಯಬೇಡಿ ಎಂದು ವಿಭಾ ಫೋನಿನಲ್ಲಿ ಕೇಳಿಕೊಂಡಳು.

ಶ್ರೀಲತಾ ಅಷ್ಟರಲ್ಲಿ ಅಲ್ಲಿಗೆ ಬಂದಿದ್ದರು. ತಮ್ಮ ಫೋನನ್ನು ಸ್ಪೀಕರಿಗೆ ಹಾಕಿ ಬಾಗಿಲಿಗೆ ಒತ್ತಿ ಹಿಡಿದರು. ಈ ಕಡೆ ನೀಲಗಂಗಾ ವಿಭಾಳ ಫೋನನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಿದ್ದರು.

“ಮಾನಸಾ. ನಾನವ್ವಾ, ನೀಲಗಂಗವ್ವ. ಕೇಳಸ್ತೈತೇನು?”

ಬಾಗಿಲ ಆಚೆ ಏನೋ ಸರಿದ ಸದ್ದು.

“ಎಲ್ಲಾ ಹೇಳೀನಿ. ನನ್ನ ಜೈಲಿಗೆ ಹಾಕಿಲ್ಲ. ಕೈಗೆ ಔಷಧ ಹಚ್ಯಾರ. ಇಲ್ಲಿ ಕಿಟಕಿ ಮುಂದ ಕುಂತೀನಿ. ನಿನ್ನೂ ಏನೂ ಮಾಡೂದಿಲ್ಲ.”

“ಅವ್ವಾ, ಖರೇ ಹೇಳಾಕತ್ತಿ?” ಸಣ್ಣ ದನಿ. “ಅಂವ ನಿನ್ನ ಮುಂದ ಕೂಡಿಸಿ ಹೇಳಸಾಕತ್ತಿಲ್ಲ?”

“ನನ್ನ ಕೈಲಿ ಸುಳ್ಳು ಹೇಳಸಿದ್ದು ಇವತ್ತು ಮುಂಜಾನಿಗೆ ಮುಗೀತು. ಬಾಗಲಾ ತಗಿ.”

ಚಿಲಕ ತೆಗೆದ ಸದ್ದು ಮುನ್ನೂರು ಮೈಲಿ ದೂರದ ಆ ಕೋಣೆಯಲ್ಲಿದ್ದ ಮೂವರಿಗೂ ಕೇಳಿಸಿತು. ನೀಲಗಂಗಾ ಫೋನನ್ನು ವಿಭಾಳಿಗೆ ಹಿಂದಿರುಗಿಸಿ, ಸೆರಗಿನಿಂದ ಮುಖ ಒರೆಸಿಕೊಂಡು, “ಈಗ ಬರಕೊಳ್ರಿ,” ಎಂದರು. ಶ್ರೀಲತಾ ಮತ್ತೆ ವಿಡಿಯೋದಲ್ಲಿ ಬಂದ ಮೇಲೆ ಹೇಳಿಕೆ ನಾಲ್ಕು ಗಂಟೆ ನಡೆಯಿತು. ಊರಿನಲ್ಲಿ ಏಜೆಂಟನ ಮಾತು, ಓಹೇರ್‌ನಲ್ಲಿ ಕಾರು ಹತ್ತುವ ಮೊದಲೇ ಕೇಳಿ ಪಡೆದ ಪಾಸ್‌ಪೋರ್ಟು, ಮೊದಲ ಮೂರು ತಿಂಗಳು ಮಾತ್ರ ಊರಿಗೆ ಹೋದ ಸಂಬಳ, ಮಗಳ ಜೊತೆ ಫೋನಿನಲ್ಲಿ ಮಾತಾಡುವಾಗ ಪಕ್ಕದಲ್ಲಿ ಕೂರುತ್ತಿದ್ದ ವಿಜಯ್ ಕುಮಾರ್. ದಿನ, ತಿಂಗಳು, ಯಾವ ಹಬ್ಬದ ಹಿಂದುಮುಂದು ಎಂಬುದೂ ಸೇರಿ, ಎಲ್ಲೂ ಒಂದು ಎಳೆ ತಪ್ಪಿರಲಿಲ್ಲ. ಆಮೇಲೆ ಮಾನಸ ಕೊಟ್ಟ ಹೇಳಿಕೆ ಇದಕ್ಕೆ ಸರಿಯಾಗಿ ಹೊಂದಿಕೊಂಡಿತು.

ಅಕ್ಟೋಬರ್ 23, ಬುಧವಾರ ಬೆಳಿಗ್ಗೆ 11:30ಕ್ಕೆ ವಿಜಯ್ ಕುಮಾರನ ಬಂಧನವಾಯಿತು. ವಕೀಲರ ಜೊತೆ ತಾನೇ ಠಾಣೆಗೆ ಬಂದ. ಬಲವಂತದ ದುಡಿಮೆ, ಪಾಸ್‌ಪೋರ್ಟು ಕಿತ್ತುಕೊಂಡದ್ದು, ಎರಡು ಆರೋಪ. ಬೆರಳಚ್ಚು ಕೊಡುವಾಗ ಕನ್ನಡಕ ತೆಗೆದು ಜೇಬಿಗಿಟ್ಟುಕೊಂಡ.

ಮರುವಾರ ಕೇಂದ್ರ ತನಿಖಾಧಿಕಾರಿಯ ಕೋರಿಕೆಯ ಮೇಲೆ ಇಬ್ಬರಿಗೂ ತಾತ್ಕಾಲಿಕ ವಾಸದ ಅನುಮತಿಗೆ ಅರ್ಜಿ ಹೋಯಿತು. ಡಿಸೆಂಬರಿನಲ್ಲಿ ಅದು ಮಂಜೂರಾಯಿತು. ಕೆಲಸದ ಪರವಾನಗಿಯೂ ಬಂತು. ಟಿ ವೀಸಾದ ಅರ್ಜಿಗಳನ್ನು ಸಿದ್ಧಪಡಿಸಿದ್ದು ಷಿಕಾಗೋದ ಉಚಿತ ಕಾನೂನು ನೆರವಿನ ಸಂಸ್ಥೆಯ ವಕೀಲೆ. ಅದರ ಜೊತೆ ಹೋಗಬೇಕಾದ ಪೊಲೀಸರ ಘೋಷಣಾ ಪತ್ರವನ್ನು ವಿಭಾ ಬರೆದಳು. ಹೀಗೆ ಬರೆಯಲೇಬೇಕೆಂದು ಯಾವ ಕಾನೂನೂ ಅವಳನ್ನು ಕಟ್ಟಿಹಾಕಿರಲಿಲ್ಲ. ಎಷ್ಟೋ ಠಾಣೆಗಳಲ್ಲಿ ಅಂಥ ಫಾರ್ಮುಗಳು ತಿಂಗಳುಗಟ್ಟಲೆ ಕೂತಿರುತ್ತವೆ. ಅವಳು ಒಂದು ಮಧ್ಯಾಹ್ನ ಪೂರ್ತಿ ಕೂತು ಬರೆದಳು. “ಸಂತ್ರಸ್ತೆಯು ತನಿಖೆಗೆ ನೆರವಾದರೇ?” ಎಂಬ ಪ್ರಶ್ನೆಯ ಮುಂದೆ ಒಂದೂವರೆ ಸಾಲಿನ ಜಾಗವಿತ್ತು. ಅದು ಸಾಲದೆ ಬೇರೆ ಎರಡು ಹಾಳೆ ಜೋಡಿಸಿದಳು. ಠಾಣೆಯ ಮುಖ್ಯಾಧಿಕಾರಿ ಅದನ್ನು ಓದಿ, ಸಹಿ ಮಾಡುವ ಮೊದಲು ಎರಡನೇ ಸಲ ಓದಿದರು.

ನೀಲಗಂಗಾರ ಮಗಳಿಗೆ ಆಗ ಇಪ್ಪತ್ತು ವರ್ಷ ನಾಲ್ಕು ತಿಂಗಳು. “ಇಪ್ಪತ್ತೊಂದು ಆಗಿಬಿಟ್ರ?” ಎಂದು ಅವರು ವಕೀಲೆಯನ್ನು ಕೇಳಿದ್ದು ಒಂದೇ ಸಲ. ತಾಯಿ ಅರ್ಜಿ ಹಾಕಿದ ದಿನದ ವಯಸ್ಸೇ ಲೆಕ್ಕ ಎಂಬ ಉತ್ತರ ಕೇಳಿ ಬಿಡಿಸಿ ಬಿಡಿಸಿ ತಮ್ಮ ಹೆಸರು ಬರೆದರು. ಕನ್ನಡದಲ್ಲಿ.

2025ರ ಬೇಸಿಗೆಯಲ್ಲಿ ವಿಜಯ್ ಕುಮಾರ್ ತಪ್ಪೊಪ್ಪಿಕೊಂಡ. ಸೆಪ್ಟೆಂಬರ್ 12ರ ಶುಕ್ರವಾರ ಪಾಂಟಿಯಾಕ್‌ನ ಕೌಂಟಿ ಕೋರ್ಟಿನಲ್ಲಿ ಶಿಕ್ಷೆಯ ವಿಚಾರಣೆ. ಏನಾದರೂ ಹೇಳುವುದಿದೆಯೇ ಎಂದು ನ್ಯಾಯಾಧೀಶರು ಕೇಳಿದಾಗ ಅವನು ಎದ್ದು ನಿಂತು ಹೇಳಿದ್ದು ಯಾರೂ ನಿರೀಕ್ಷಿಸಿರದ ಮಾತು.

ಅವನೂ ಒಮ್ಮೆ ವೀಸಾದ ಮೇಲೆ ಬಂದವನು. ಅವನನ್ನು ಕರೆತಂದ ಸಣ್ಣ ಕನ್ಸಲ್ಟೆನ್ಸಿಯವರು ಆರು ಜನರನ್ನು ಒಂದೇ ಮನೆಯಲ್ಲಿಟ್ಟು, ಪ್ರಾಜೆಕ್ಟ್ ಇಲ್ಲದ ತಿಂಗಳುಗಳಲ್ಲಿ ಸಂಬಳ ಕೊಡದೆ, ಕೇಳಿದರೆ ವೀಸಾ ಕ್ಯಾನ್ಸಲ್ ಮಾಡಿಸುತ್ತೇವೆ ಎನ್ನುತ್ತಿದ್ದರಂತೆ. ಹದಿಮೂರು ವರ್ಷ ಗ್ರೀನ್ ಕಾರ್ಡಿಗೆ ಕಾದ. ತಂದೆ ತೀರಿಕೊಂಡಾಗ, ಹೋದರೆ ಮತ್ತೆ ಒಳಗೆ ಬಿಡುವರೋ ಇಲ್ಲವೋ ಎಂದು ಹೆದರಿ ಊರಿಗೆ ಹೋಗಲಿಲ್ಲ. ಕಾಗದ ಇಲ್ಲದವನು ಎದುರು ಮಾತಾಡುವುದಿಲ್ಲ ಎಂಬುದನ್ನು ತಾನು ಕಲಿತದ್ದು ಹಾಗೆ, ಎಂದ. ತನ್ನ ಅಡುಗೆಮನೆಗೆ ಆಳು ಬೇಕಾದಾಗ ಅದು ನೆನಪಿಗೆ ಬಂತು.

“ಆ ಭಯ ಎಂಥದ್ದೆಂದು ನಿಮಗೆ ಗೊತ್ತಿತ್ತಲ್ಲ,” ಎಂದರು ನ್ಯಾಯಾಧೀಶರು.

“ಗೊತ್ತಿದ್ದರಿಂದಲೇ,” ಎಂದು ಅವನು ಕೂತ.

ಸಂತ್ರಸ್ತರ ಪರವಾಗಿ ಮಾತಾಡಲು ನೀಲಗಂಗಾರನ್ನು ಕರೆದರು. ಇಳಕಲ್ ಸೀರೆ, ಕಾಲಿಗೆ ಬೂಟು. ಪಕ್ಕದಲ್ಲಿ ಶ್ರೀಲತಾ. ಹಿಂದಿನ ಬೆಂಚಿನಲ್ಲಿ ಮಾನಸ, ಅವಳ ಪಕ್ಕ ಸಮವಸ್ತ್ರದಲ್ಲಿ ಕೊವಾಲ್ಸ್ಕಿ, ವಿಭಾ. ನೀಲಗಂಗಾ ಬರೆದುಕೊಂಡು ಬಂದದ್ದನ್ನು ಬಿಚ್ಚಲಿಲ್ಲ. ವಿಜಯ್ ಕುಮಾರನನ್ನು ಒಮ್ಮೆ ನೋಡಿ, ನ್ಯಾಯಾಧೀಶರ ಕಡೆ ತಿರುಗಿ ಮೆಲ್ಲಗೆ ಹೇಳಿದರು.

“ಇಂವ ಹೇಳಿದ್ದು ಖರೇ ಇದ್ದೀತ್ರಿ, ಸಾಹೇಬ್ರ. ಇಂವಗ ಹೆದರಿಕಿ ಇತ್ತು. ನಮಗೂ ಇತ್ತು. ಆ ಹೆದರಿಕಿ ಇಟಗೊಂಡ ನಾ ಆ ಹುಡುಗೀನ ಕಾದೆ, ಆಕಿ ನನ್ನ ಕಾದ್ಲು. ಇಂವ ಅದನ್ನ ಇಟಗೊಂಡ ಬ್ಯಾರೇನ ಮಾಡಿದ. ನಾ ಹೇಳೂದು ಇಷ್ಟ.”

ಶ್ರೀಲತಾ ಇಂಗ್ಲಿಷಿಗೆ ತಂದರು. ಕೋರ್ಟಿನ ವರದಿಗಾರ್ತಿ ಟೈಪ್ ಮಾಡುವುದನ್ನು ನಿಲ್ಲಿಸಿ, ಕೊನೆಯ ಎರಡು ವಾಕ್ಯ ಇನ್ನೊಮ್ಮೆ ಹೇಳುವಿರಾ ಎಂದು ಕೇಳಿದಳು. ನೀಲಗಂಗಾ ಇನ್ನೊಮ್ಮೆ ಹೇಳಿದರು.